ಪಪ್ಪಾ, ರೀಟಾಳ ವಿಷಯದಲ್ಲಿ ದುಡುಕಬೇಡಿ

ರೋಮ್
28 ಮೇ 2025

ಪ್ರೀತಿಯ ಪಪ್ಪಾ, ಮಮ್ಮಿ,

ನಿಮ್ಮಿಬ್ಬರ ಬೆಸಾಂವ್, ಆಶೀರ್ವಾದ ಬೇಡುತ್ತೇನೆ. ನಾನು ಆರೋಗ್ಯವಾಗಿದ್ದೇನೆ, ನೀವೆಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಮ್ಮ ರೀಟಾ ಹಿಂದೂ ಹುಡುಗ ವಿನಾಯಕನನ್ನು ಮದುವೆಯಾಗುವ ವಿಷಯವಾಗಿ ನೀವು ಬರೆದ ಪತ್ರ ತಲುಪಿತು, ಅದಕ್ಕೆ ಮುಂದೆ ಉತ್ತರಿಸುತ್ತೇನೆ. ಮಳೆ ಬೇಗ ಹಿಡಿದಿದೆಯಂತೆ. ಹಿಂದಿನ ಕೋಣೆಯ ಹಂಚು ಕೈಯಾಡಿಸಿದ್ದಾಯಿತೇ?

ಮಮ್ಮಿ ಕೇಳಿದ್ದಳಲ್ಲ, ಹೌದು, ಮೇ 8ರ ಸಂಜೆ ನಾನು ಸಂತ ಪೇತ್ರರ ಚೌಕದಲ್ಲೇ ಇದ್ದೆ. ನಾನು ನೋಡಿಕೊಳ್ಳುವ ಅಜ್ಜಿಯೇ ಒತ್ತಾಯ ಮಾಡಿ ಕಳಿಸಿದರು. ಆರು ಗಂಟೆ ದಾಟಿ ಕೆಲವೇ ನಿಮಿಷಕ್ಕೆ, ಹೊಸ ಪೋಪ್ ಆಯ್ಕೆಯಾದರೆಂದು ಸಾರುವ ಬಿಳಿ ಹೊಗೆ ಬಂತು, ನಿಮ್ಮಲ್ಲಿ ಆಗ ರಾತ್ರಿ ಒಂಬತ್ತೂವರೆ ಆಗಿರಬೇಕು. ಹೊಗೆ ಬರುವ ಮೊದಲು ಚಿಮಣಿಯ ಪಕ್ಕ ಮಾಡಿನ ಮೇಲೆ ಕಡಲಹಕ್ಕಿಗಳು ಮರಿಯೊಂದಿಗೆ ಓಡಾಡುತ್ತಿದ್ದವು. ಸಾವಿರಾರು ಜನ ಅದನ್ನೇ ಬೆರಗಿನಿಂದ ನೋಡುತ್ತ ಫೋಟೋ ಹೊಡೆಯುತ್ತಿದ್ದರು. ನಮ್ಮ ಕಾರವಾರದ ಬೈತಖೋಲ ಬಂದರಿನಲ್ಲಿ ಅವುಗಳನ್ನು ಯಾರು ತಿರುಗಿ ನೋಡುತ್ತಾರೆ! ಪೋಪರನ್ನು ಆರಿಸಲು ಒಳಗಿದ್ದ 133 ಕಾರ್ಡಿನಲರಲ್ಲಿ ನಾಲ್ವರು ನಮ್ಮ ದೇಶದವರು, ಅದರಲ್ಲೂ ಒಬ್ಬರು ಗೋವೆಯ ಫಿಲಿಪ್ ನೆರಿ ಫೆರಾವ್. ಪಕ್ಕದಲ್ಲಿ ನಿಂತಿದ್ದ ಇಟಲಿಯವರಿಗೆಲ್ಲ, ಫೆರಾವ್ ಅವರ ಮನೆಮಾತೂ ನನ್ನ ಮನೆಮಾತೂ ಕೊಂಕಣಿಯೇ ಎಂದು ಹೇಳಿದೆ.

ಹೊಸ ಪೋಪ್ ಹದಿನಾಲ್ಕನೆಯ ಲಿಯೋ ಹೊರಗೆ ಬಂದು ಮೊದಲು ಆಡಿದ ಮಾತು, ನಿಮ್ಮೆಲ್ಲರಿಗೂ ಶಾಂತಿ ಇರಲಿ ಎಂಬುದು. ಅಂದು ಪೊಂಪೇಯಿಯ ಮಾತೆ ಮರಿಯಮ್ಮನನ್ನು ಬೇಡಿಕೊಳ್ಳುವ ದಿನ. ಆದ್ದರಿಂದ ಎಲ್ಲರೊಂದಿಗೆ ನಮೋ ಮರಿಯಾ ಪ್ರಾರ್ಥನೆ ಹೇಳಿದರು. ಇಡೀ ಚೌಕ ಇಟಾಲಿಯನ್‌ನಲ್ಲಿ ಹೇಳಿತು, ನಾನು ಕೊಂಕಣಿಯಲ್ಲಿ ಹೇಳಿದೆ. ಪಪ್ಪಾ, ನಿಮಗೆ ಸಂತೋಷವಾಗುವ ಸಂಗತಿಯೊಂದಿದೆ: ಅವರು ಕಾಲೇಜಿನಲ್ಲಿ ಓದಿದ್ದು ಗಣಿತ! ನಿಮ್ಮ ಹಳೆಯ ವಿದ್ಯಾರ್ಥಿಗಳಿಗೆ ಹೇಳಿ.

ಇನ್ನು ನಿಮ್ಮ ಪತ್ರದ ವಿಷಯ. ಫೋನಿನಲ್ಲಿ ಮಾತಾಡಿದರೆ ಮಮ್ಮಿ ಅಳುತ್ತಾಳೆ, ಮಾತು ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಮಮ್ಮಿಗೆ ನಿಧಾನವಾಗಿ ಓದಿ ಹೇಳಿ.

ಹೊಸ ಪೋಪ್ ಧರ್ಮಸಭೆಯ ಕಾನೂನಿನಲ್ಲಿ ಡಾಕ್ಟರೇಟ್ ಪಡೆದವರು, ಇನ್ನು ಮುಂದೆ ಬೇರೆ ಧರ್ಮದವರೊಡನೆ ಮದುವೆ ಬಂದ್ ಎಂದು ಆಂಥೋನಿ ಅಂಕಲ್ ಹೇಳಿದರೆಂದು ಬರೆದಿದ್ದೀರಿ. ಡಾಕ್ಟರೇಟ್ ನಿಜ, ಉಳಿದದ್ದು ಸುಳ್ಳು. ಅಂಥ ಮದುವೆಯ ನಿಯಮವನ್ನು ಹೊಸ ಪೋಪ್ ಬದಲಿಸಿಲ್ಲ, ಅದು 1983ರ ಧರ್ಮಸಭೆಯ ಕಾನೂನು ಸಂಹಿತೆಯಲ್ಲೇ ಇದೆ. ವಿನಾಯಕ ಜ್ಞಾನಸ್ನಾನ ಪಡೆದು ಕ್ರೈಸ್ತನಾಗಬೇಕಾಗಿಲ್ಲ. ಧರ್ಮಾಧ್ಯಕ್ಷರಿಂದ (ಬಿಷಪ್) ವಿನಾಯಿತಿ ಪಡೆಯಬೇಕು, ಅರ್ಜಿ ನಮ್ಮ ಇಗರ್ಜಿಯ (ಚರ್ಚಿನ) ಫಾದರ್ ಮೂಲಕವೇ ಹೋಗುತ್ತದೆ. ತನ್ನ ವಿಶ್ವಾಸ ಬಿಡುವುದಿಲ್ಲ, ಮಕ್ಕಳಿಗೆ ಜ್ಞಾನಸ್ನಾನ ಕೊಡಿಸಿ ಕ್ರೈಸ್ತರಾಗಿ ಬೆಳೆಸಲು ತನ್ನಿಂದಾದಷ್ಟು ಮಾಡುತ್ತೇನೆ ಎಂದು ರೀಟಾ ಮಾತು ಕೊಡಬೇಕು. ಅವಳು ಹೀಗೆ ಮಾತು ಕೊಟ್ಟಿದ್ದಾಳೆಂದು ವಿನಾಯಕನಿಗೆ ಸ್ಪಷ್ಟವಾಗಿ ತಿಳಿಸಬೇಕು. ಸರ್ಕಾರದ ಕಾನೂನಿಗೂ ಅಡ್ಡಿಯಿಲ್ಲ, 1872ರ ಕ್ರೈಸ್ತ ವಿವಾಹ ಕಾಯ್ದೆಯಲ್ಲಿ ಇಬ್ಬರಲ್ಲಿ ಒಬ್ಬರು ಕ್ರೈಸ್ತರಾಗಿದ್ದರೆ ಸಾಕು.

ಕಷ್ಟವಿರುವುದು ಬೇರೆ ಕಡೆ. ಇಗರ್ಜಿಯಲ್ಲಿ ಮದುವೆಯಾದ ಮೇಲೆ ಮುಹೂರ್ತವಿಟ್ಟು ಇನ್ನೊಮ್ಮೆ ತಾಳಿ ಕಟ್ಟುವ ಶಾಸ್ತ್ರ ಮಾಡುವಂತಿಲ್ಲ, ಮೊದಲೂ ಮಾಡುವಂತಿಲ್ಲ. ಒಂದೇ ಮದುವೆಗೆ ಎರಡು ಧರ್ಮದ ವಿಧಿ ಸಭೆ ಒಪ್ಪುವುದಿಲ್ಲ. ವಿನಾಯಕನ ತಾಯಿಗೆ ಒಬ್ಬನೇ ಮಗ, ಅವರಿಗೂ ಆಸೆ ಇರುವುದಿಲ್ಲವೇ? ಆ ಮಾತನ್ನು ಅವರ ಮನೆಯಲ್ಲಿ ಕುಳಿತು ಆಡಬೇಕಾದವರು ನೀವೇ ಪಪ್ಪಾ. ಡಿಸೆಂಬರ್ 3ಕ್ಕೆ ಚಂದಾವರದ ಇಗರ್ಜಿಯ ಸಂತ ಫ್ರಾನ್ಸಿಸ್ ಝೇವಿಯರ್ ಹಬ್ಬಕ್ಕೆ ಆ ಮನೆಯವರು ಬರುವುದನ್ನು ನಾವೆಲ್ಲ ನೋಡಿದ್ದೇವೆ. ಆ ತಾಯಿ ಚಪ್ಪಲಿ ಬಿಟ್ಟು, ಸೆರಗು ತಲೆಗೆ ಹೊದ್ದು, ಗಾಳಿಗೆ ಆರದಂತೆ ಅಂಗೈ ಮರೆಮಾಡಿಕೊಂಡು ಮೇಣದಬತ್ತಿ ಹಚ್ಚುತ್ತಾರೆ. ಅಂಥವರ ಜೊತೆ ಮಾತು ಮುಗಿಯದೆ ಹೋಗುವುದಿಲ್ಲ.

ಮಮ್ಮೀ, ಇಂಥ ಮದುವೆ ಸಭೆಯ ಪವಿತ್ರ ಸಂಸ್ಕಾರವೇ ಅಲ್ಲವಂತೆ ಎಂದು ಕೊರಗುತ್ತೀಯಂತೆ. ಇಬ್ಬರಿಗೂ ಜ್ಞಾನಸ್ನಾನ ಆಗಿದ್ದರೆ ಮಾತ್ರ ಅದು ಸಂಸ್ಕಾರವಾಗುತ್ತದೆ, ನಿಜ. ಆದರೆ ವಿನಾಯಿತಿ ಪಡೆದು ಆದ ಮದುವೆ ಸಭೆಯ ಕಣ್ಣಿನಲ್ಲಿ ಸರಿಯಾದ ಮದುವೆಯೇ. ರೀಟಾ ಭಾನುವಾರ ನಿನ್ನ ಪಕ್ಕದಲ್ಲೇ ಪರಮಪ್ರಸಾದ ಸ್ವೀಕರಿಸಬಹುದು. ನನಗೆ ಹೆದರಿಕೆ ಇರುವುದೇ ಇಲ್ಲಿ. ನೀವು ಬಾಗಿಲು ಹಾಕಿದರೆ ಅವಳು ನೇರವಾಗಿ ರಿಜಿಸ್ಟ್ರಾರ್ ಕಚೇರಿಗೆ ಹೋಗುತ್ತಾಳೆ. ಸಭೆಯ ಅನುಮತಿ ಇಲ್ಲದೆ ಹಾಗೆ ಮದುವೆಯಾದರೆ ಪರಮಪ್ರಸಾದ ತಪ್ಪುತ್ತದೆ. ಚಿಕ್ಕವಳಿದ್ದಾಗಿನಿಂದ ಮರಿಯಮ್ಮನ ಹುಟ್ಟುಹಬ್ಬವಾದ ಮೊಂತಿ ಹಬ್ಬಕ್ಕೆ ಒಂಬತ್ತು ದಿನವೂ ಹೂವಿನ ಬುಟ್ಟಿ ಹಿಡಿದು ಎಲ್ಲರಿಗಿಂತ ಮೊದಲು ಹೋಗುತ್ತಿದ್ದವಳು ಅವಳು. ಅವಳನ್ನು ಇಗರ್ಜಿಯಿಂದ ದೂರ ಮಾಡಿದವರು ನಾವಾಗಬಾರದು. ಜನ ಏನೆನ್ನುತ್ತಾರೆ ಎಂಬುದು ಅದರ ಮುಂದೆ ಏನೂ ಅಲ್ಲ. ಅದನ್ನು ನಾನು ಯಾರೆದುರು ಬೇಕಾದರೂ ಹೇಳುತ್ತೇನೆ.

ಮೇ 18ರಂದು ಹೊಸ ಪೋಪರ ಪಟ್ಟದ ಪೂಜೆಗೂ ಹೋಗಿದ್ದೆ. ಅಂದು ಪೋಪರಿಗೆ ಬೆಸ್ತನ ಉಂಗುರ ತೊಡಿಸಿದರು, ಮೊದಲ ಪೋಪ್ ಪೇತ್ರ ಮೀನು ಹಿಡಿಯುವವನಲ್ಲವೇ. ಅಂದಿನ ಪ್ರಬೋಧನೆಯಲ್ಲಿ, ಯಾರನ್ನೂ ಬಲದಿಂದಾಗಲಿ ಪ್ರಚಾರದಿಂದಾಗಲಿ ಅಧಿಕಾರದಿಂದಾಗಲಿ ಹಿಡಿಯುವ ಕೆಲಸ ಇದಲ್ಲ, ಯೇಸು ಪ್ರೀತಿಸಿದಂತೆ ಪ್ರೀತಿಸುವುದಷ್ಟೇ ಎಂದರು. ಮರುದಿನವೇ ಬೇರೆ ಧರ್ಮಗಳ ಪ್ರತಿನಿಧಿಗಳನ್ನು ಭೇಟಿಯಾದರು, ಅವರಲ್ಲಿ ಹಿಂದೂಗಳೂ ಇದ್ದರು. ಇದನ್ನು ಅಂಕಲ್‌ಗೆ ತಪ್ಪದೆ ಹೇಳಿ.

ಆದ್ದರಿಂದ ಈ ಭಾನುವಾರ ಪೂಜೆ ಮುಗಿದ ಮೇಲೆ ಫಾದರ್ ಅವರನ್ನು ಕಾಣಿರಿ. ರೀಟಾಳನ್ನೂ ಕರೆದುಕೊಂಡು ಹೋಗಿ, ಅವಳ ಬೆನ್ನ ಹಿಂದೆ ಮಾತು ಬೇಡ. ಅವಳ ಜ್ಞಾನಸ್ನಾನದ ಪ್ರಮಾಣಪತ್ರ ಕಪ್ಪು ಟ್ರಂಕಿನಲ್ಲಿದೆ. ಆದರೆ ಮದುವೆಗೆ ಹೊಸದಾಗಿ ತೆಗೆಸಿದ್ದೇ ಬೇಕು, ಅದನ್ನೂ ಕೇಳಿ. ಮದುವೆಯ ತಯಾರಿ ತರಬೇತಿಗೆ ಇಬ್ಬರ ಹೆಸರನ್ನೂ ಬರೆಸಿ.

ಖರ್ಚಿನ ಯೋಚನೆ ಬೇಡವೇ ಬೇಡ. ಮದುವೆ ಹಾಲ್‌ನ ಬಾಡಿಗೆ, ಮದುವೆಯ ಮುನ್ನಾದಿನದ ರೋಸಿನ ಊಟ, ಅವಳ ಸೀರೆ ಎಲ್ಲ ನನ್ನದು. ಬಂಗಾರ ಅಡವಿಡುವ ಮಾತು ಎತ್ತಬೇಡಿ. ನನ್ನ ಕೆಲಸ ಗಟ್ಟಿಯಾಗಿದೆ, ಸಂಬಳ ಒಂದನೇ ತಾರೀಖಿಗೆ ಬರುತ್ತದೆ, ಊಟ ವಸತಿ ಈ ಮನೆಯಲ್ಲೇ. ಅಜ್ಜಿ ನನ್ನನ್ನು ಮಗಳಂತೆ ನೋಡಿಕೊಳ್ಳುತ್ತಾರೆ, ಅಕ್ಕಿ ಗಂಜಿಯನ್ನೂ ರೂಢಿ ಮಾಡಿಕೊಂಡಿದ್ದಾರೆ. ಕೆಮ್ಮು ಪೂರ್ತಿ ಹೋಗಿದೆ. ಏನೂ ಆಗಿಲ್ಲ, ಏನೂ ಆಗುವುದೂ ಇಲ್ಲ. ಮಮ್ಮಿ ಬಿಪಿ ಮಾತ್ರೆ ತಪ್ಪಿಸದಿದ್ದರೆ ನನಗೆ ಅಷ್ಟೇ ಸಾಕು.

ಅಜ್ಜಿಗೆ ಇಂಜೆಕ್ಷನ್ ಕೊಡುವ ಹೊತ್ತಾಯಿತು, ಕರೆಯುತ್ತಿದ್ದಾರೆ. ಫಾದರ್ ಏನೆಂದರೆಂದು ಭಾನುವಾರ ರಾತ್ರಿಯೇ ತಿಳಿಸಿ, ಎಷ್ಟು ಹೊತ್ತಾದರೂ ಸರಿ. ರೀಟಾಳಿಗೆ ನನ್ನ ಮುತ್ತು.

ನಿಮ್ಮ ಮಗಳು,
ಲೂಸಿ