ಹಡಗು ಹತ್ತಲಿರುವ ಮಗಳಿಗೆ ದೊಡ್ಡಪ್ಪನ ಪತ್ರ

ಚಿರಂಜೀವಿ ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕ್ರೂಸ್ ಹಡಗಿನ ಗೆಸ್ಟ್ ಸರ್ವಿಸ್ ಕೌಂಟರಿನಲ್ಲಿ ನಿನಗೆ ಕೆಲಸ ಸಿಕ್ಕಿದೆಯೆಂದು ನಿಮ್ಮಪ್ಪ ಫೋನ್ ಮಾಡಿದ್ದ. ಬಹಳ ಸಂತೋಷವಾಯಿತು. ನೀನು ಕೇಳಿದ ಒಂದು ಮಾತನ್ನೂ ಹೇಳಿದ: "ದೊಡ್ಡಪ್ಪನೂ ಅವರ ಹಡಗಿನ ಗೆಳೆಯರೂ ಸೇರಿದರೆ ಬರೀ ನಗುವ ಕತೆಗಳೇ. ಅಲ್ಲಿ ಕಷ್ಟವೇ ಇರಲಿಲ್ಲವಾ?" ಇತ್ತು ಮಗಳೇ. ನಿವೃತ್ತರಾದ ಮೇಲೆ ನಾವು ಕತೆ ಹೇಳುವಾಗ ನಗು ಬರುವ ಜಾಗಕ್ಕೆ ನಿಲ್ಲಿಸಿಬಿಡುತ್ತೇವೆ. ಕೂತು ಕೇಳುವವರಿಗೆ ಅಷ್ಟು ಸಾಕು, ಹಡಗು ಹತ್ತುವವಳಿಗೆ ಸಾಲದು. ಅದಕ್ಕೇ ನೀನು ಕೇಳಿರುವ ಕತೆಗಳನ್ನೇ ಮತ್ತೆ ಎತ್ತಿಕೊಂಡು, ನಾವು ಹೇಳದೆ ಬಿಟ್ಟ ಭಾಗವನ್ನು ಬರೆಯುತ್ತಿದ್ದೇನೆ.

ಮೊದಲು ಪ್ರಯಾಣಿಕರ ಪ್ರಶ್ನೆಗಳು. ಅವು ನಿನ್ನ ಕೌಂಟರಿಗೇ ಬರುವಂಥವು. "ಸಿಬ್ಬಂದಿಯವರೂ ರಾತ್ರಿ ಹಡಗಿನಲ್ಲೇ ಮಲಗುತ್ತೀರಾ?" "ಮಧ್ಯರಾತ್ರಿಯ ಬಫೆ ಎಷ್ಟು ಗಂಟೆಗೆ?" "ಈ ಲಿಫ್ಟ್ ಹಡಗಿನ ಮುಂಭಾಗಕ್ಕೆ ಹೋಗುತ್ತದಾ?" "ನಾವೀಗ ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದ್ದೇವೆ?" ಫೋಟೊ ಗ್ಯಾಲರಿಯಲ್ಲಿ ಸಾಲಾಗಿ ಹಾಕಿದ ಚಿತ್ರಗಳ ಮುಂದೆ ನಿಂತು, "ಇದರಲ್ಲಿ ನನ್ನ ಫೋಟೊ ಯಾವುದೆಂದು ಗೊತ್ತಾಗುವುದು ಹೇಗೆ?" ಎಂದು ಕೇಳುವವರೂ ಇದ್ದಾರೆ. ಯಾವ ದೇಶದ, ಯಾವ ಹಡಗಿನ ಹಳಬರನ್ನು ಕೇಳಿದರೂ ಇವೇ ಪ್ರಶ್ನೆಗಳು ತಮಗೆ ಬಂದವೆಂದು ಹೇಳುತ್ತಾರೆ. ಎಲ್ಲರೂ ಹೇಳುವುದು ನಿಜ. ಪ್ರತಿ ಪ್ರಯಾಣಕ್ಕೂ ಹೊಸ ಜನ ಬರುತ್ತಾರೆ, ಅವರಿಗೆಲ್ಲ ಹಡಗು ಹೊಸದು.

ನಾವು ಬಿಡುವ ಭಾಗ ಇದು. ಒಮ್ಮೆ ಒಬ್ಬ ಹೆಂಗಸು ಬಂದು, "ಈ ಹಡಗಿಗೆ ಕರೆಂಟ್ ಎಲ್ಲಿಂದ ಬರುತ್ತದೆ? ದಡದಿಂದ ತಂತಿ ಎಳೆದಿದ್ದಾರಾ?" ಎಂದು ಕೇಳಿದರು. ಹಿಂದೆ ನಿಂತ ಇಬ್ಬರು ಹುಡುಗರು ಬಾಯಿಗೆ ಕೈ ಅಡ್ಡ ಹಿಡಿದರು. ಕೌಂಟರಿನಲ್ಲಿದ್ದ ನಮ್ಮ ಹಿರಿಯ ಸಹೋದ್ಯೋಗಿ ನಗಲಿಲ್ಲ. "ಹಡಗೇ ತನ್ನ ಜನರೇಟರುಗಳಿಂದ ಮಾಡಿಕೊಳ್ಳುತ್ತದಮ್ಮ. ಯಾಕೆ ಕೇಳಿದಿರಿ?" ಎಂದರು. ಆಕೆಯ ಗಂಡ ರಾತ್ರಿ ಉಸಿರಾಟದ ಯಂತ್ರ ಹಾಕಿಕೊಂಡು ಮಲಗುವವರು. ನಡುರಾತ್ರಿ ಕರೆಂಟ್ ಹೋದರೆ ಏನು ಗತಿ ಎಂಬ ಹೆದರಿಕೆಯಲ್ಲಿ ಆಕೆ ಹಿಂದಿನ ರಾತ್ರಿ ಪೂರ್ತಿ ಎಚ್ಚರವಿದ್ದರು. ಸಹೋದ್ಯೋಗಿ ಆಗಲೇ ಹಡಗಿನ ಆಸ್ಪತ್ರೆಗೆ ಫೋನ್ ಮಾಡಿ ಅವರ ಹೆಸರು, ಕ್ಯಾಬಿನ್ ನಂಬರ್ ಬರೆಸಿದರು. ಪ್ರಯಾಣಿಕರ ಹಡಗಿನಲ್ಲಿ ತುರ್ತು ಜನರೇಟರ್ 45 ಸೆಕೆಂಡಿನೊಳಗೆ ತಾನೇ ಚಾಲೂ ಆಗಬೇಕು, 36 ಗಂಟೆ ನಡೆಯಬೇಕು ಎಂಬುದು ಅಂತರರಾಷ್ಟ್ರೀಯ ನಿಯಮ. ಆದರೆ ಅದು ಇರುವುದು ದೀಪ, ಸಂಪರ್ಕ, ಬೆಂಕಿ ನಂದಿಸುವ ಪಂಪಿನಂಥ ಅಗತ್ಯಗಳಿಗೆ, ಕ್ಯಾಬಿನ್ನಿನ ಪ್ಲಗ್ಗಿಗೆ ಅಲ್ಲ. ಆಕೆಯ ಹೆದರಿಕೆಗೆ ಕಾರಣವಿತ್ತು.

ಹಾಗಾಗಿ ಎಂಥ ಪ್ರಶ್ನೆ ಬಂದರೂ ಉತ್ತರ ಕೊಟ್ಟು, ಮೆಲ್ಲಗೆ "ಯಾಕೆ ಕೇಳಿದಿರಿ?" ಎಂದು ಕೇಳು. ದಾರಿ ತಪ್ಪಿ ಬಂದವರಿಗೆ ಬೆರಳು ತೋರಿಸಿ ಕಳಿಸಬೇಡ. ಹಡಗಿನ ಕಾರಿಡಾರುಗಳು ಎರಡೂ ಕಡೆ ಒಂದೇ ಥರ ಕಾಣುತ್ತವೆ, ಲಿಫ್ಟಿನಿಂದ ಹೊರಬಂದವರಿಗೆ ಮುಂದು ಹಿಂದು ತಿಳಿಯುವುದಿಲ್ಲ. ಕೆಲವು ಹಡಗುಗಳಲ್ಲಿ ಕಾರ್ಪೆಟ್ಟಿನ ಮೇಲೆ ಮೀನುಗಳ ಚಿತ್ರವಿರುತ್ತದೆ, ಮೀನು ಈಜುವ ಕಡೆಯೇ ಹಡಗಿನ ಮುಂಭಾಗ. ಇಂಥದ್ದೊಂದು ಗುರುತು ಹೇಳಿಕೊಟ್ಟರೆ ಆ ಮನುಷ್ಯ ಮತ್ತೆ ಕಳೆದುಹೋಗುವುದಿಲ್ಲ. ನಗಬೇಕೆನಿಸಿದರೆ ಡ್ಯೂಟಿ ಮುಗಿದ ಮೇಲೆ ಕೆಳಗಿಳಿದು ಸಿಬ್ಬಂದಿಯ ಮೆಸ್ಸಿನಲ್ಲಿ ಹೊಟ್ಟೆ ತುಂಬ ನಗು. ಕ್ಯಾಬಿನ್ ನಂಬರನ್ನೂ ಹೆಸರನ್ನೂ ಮಾತ್ರ ಅಲ್ಲಿಗೆ ಒಯ್ಯಬೇಡ.

ಇನ್ನು ಡ್ರಿಲ್, ಅಂದರೆ ಅಪಾಯದಲ್ಲಿ ಏನು ಮಾಡಬೇಕೆಂಬ ಅಭ್ಯಾಸ. ಏಳು ಚಿಕ್ಕ ಸದ್ದು, ಆಮೇಲೆ ಒಂದು ಉದ್ದ ಸದ್ದು. ಅದು ಕೇಳಿದೊಡನೆ ಎಲ್ಲರೂ ತಮ್ಮ ಮಸ್ಟರ್ ಸ್ಟೇಷನ್ನಿಗೆ, ಅಂದರೆ ಸೇರಬೇಕೆಂದು ಗೊತ್ತುಮಾಡಿದ ಜಾಗಕ್ಕೆ, ಬರಬೇಕು. ಲೈಫ್ ಜಾಕೆಟ್ಟನ್ನು ತಲೆಕೆಳಗಾಗಿ ಹಾಕಿಕೊಂಡವರು, ಈಜುಕೊಳದಿಂದ ಎದ್ದು ಬರಲಾರೆವು, ಸಂಜೆಗೆ ಇಟ್ಟುಕೊಳ್ಳಿ ಎಂದವರು, "ನಿಜವಾಗಿ ಮುಳುಗುವ ದಿನವೂ ಇದೇ ಜಾಗಕ್ಕೆ ಬರಬೇಕಾ?" ಎಂದು ವಿನಯದಿಂದ ವಿಚಾರಿಸಿದವರು, ಎಲ್ಲರ ಕತೆಯನ್ನೂ ನಾವು ಹೇಳಿದ್ದೇವೆ. ಈಗ ಎಷ್ಟೋ ಹಡಗುಗಳಲ್ಲಿ ಫೋನಿನಲ್ಲಿ ವಿಡಿಯೊ ನೋಡಿ, ಸ್ಟೇಷನ್ನಿಗೆ ಬಂದು ಹೆಸರು ಹೇಳಿದರೆ ಆಯಿತು.

ಇದರ ಹಿಂದಿನದನ್ನು ನೀನು ತಿಳಿದಿರಬೇಕು. 1912ರಲ್ಲಿ ಟೈಟಾನಿಕ್ ಮುಳುಗಿದಾಗ ಹಡಗಿನಲ್ಲಿದ್ದವರು ಸುಮಾರು 2,200 ಜನ, ಲೈಫ್ ಬೋಟುಗಳಲ್ಲಿ ಜಾಗವಿದ್ದದ್ದು 1,178 ಜನರಿಗೆ. ಅದರ ಮೇಲೆಯೇ 1914ರಲ್ಲಿ ಕಡಲಿನಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದ, ಸೊಲಾಸ್, ಬಂತು. ಆದರೂ 2012ರ ಜನವರಿ 13ರಂದು ಇಟಲಿಯ ಜಿಲಿಯೊ ದ್ವೀಪದ ಬಳಿ ಕೋಸ್ಟಾ ಕಾಂಕೋರ್ಡಿಯ ಎಂಬ ಕ್ರೂಸ್ ಹಡಗು ಬಂಡೆಗೆ ಬಡಿದಾಗ, ಆ ದಿನವಷ್ಟೇ ಹತ್ತಿದ್ದ ನೂರಾರು ಪ್ರಯಾಣಿಕರಿಗೆ ಇನ್ನೂ ಡ್ರಿಲ್ ಆಗಿರಲಿಲ್ಲ. 24 ಗಂಟೆಯೊಳಗೆ ಮಾಡಿದರೆ ಸಾಕು ಎಂದು ಆಗಿನ ನಿಯಮವಿತ್ತು. 32 ಜನ ಸತ್ತರು. ಹಡಗು ಹೊರಡುವ ಮೊದಲೋ ಹೊರಡುತ್ತಿದ್ದಂತೆಯೋ ಡ್ರಿಲ್ ಆಗಲೇಬೇಕೆಂಬ ನಿಯಮ 2015ರ ಜನವರಿ 1ರಿಂದ ಜಾರಿಗೆ ಬಂತು. ಆದ್ದರಿಂದ ಪ್ರಯಾಣಿಕರು ನಕ್ಕರೆ ನಗಲಿ. ನಿನ್ನ ಮುಖದಲ್ಲಿ ನಗು ಬೇಡ. ಹತ್ತನೇ ಸಲ ಜಾಕೆಟ್ ಕಟ್ಟಿ ತೋರಿಸುವಾಗಲೂ ಮೊದಲ ಸಲದಷ್ಟೇ ಗಮನವಿಟ್ಟು ತೋರಿಸು.

ವಯಲೆಟ್ ಜೆಸಪ್ ಎಂಬ ಸ್ಟುವರ್ಡೆಸ್, ಅಂದರೆ ಪ್ರಯಾಣಿಕರನ್ನು ನೋಡಿಕೊಳ್ಳುವ ಹೆಂಗಸಿನ ಬಗ್ಗೆ ನಿನಗೆ ಹೇಳಿದ್ದೆನೋ ಇಲ್ಲವೋ. 1911ರಲ್ಲಿ ಒಲಿಂಪಿಕ್ ಹಡಗಿಗೆ ಇನ್ನೊಂದು ಹಡಗು ಡಿಕ್ಕಿ ಹೊಡೆದಾಗ ಆಕೆ ಒಲಿಂಪಿಕ್‌ನಲ್ಲಿದ್ದಳು, ಮರುವರ್ಷ ಟೈಟಾನಿಕ್‌ನಲ್ಲಿದ್ದಳು, 1916ರಲ್ಲಿ ಏಜಿಯನ್ ಸಮುದ್ರದಲ್ಲಿ ಬ್ರಿಟಾನಿಕ್ ಮುಳುಗಿದಾಗ ಅದರಲ್ಲಿ ನರ್ಸಾಗಿದ್ದಳು. ಟೈಟಾನಿಕ್‌ನಿಂದ ಪಾರಾದ ಮೇಲೆ ಆಕೆಗೆ ಬಹಳ ಕಾಡಿದ್ದು ಹಲ್ಲುಜ್ಜುವ ಬ್ರಷ್ ಇಲ್ಲದ್ದು. ಹಾಗಾಗಿ ಬ್ರಿಟಾನಿಕ್ ಮುಳುಗುವಾಗ ಬ್ರಷ್ ತೆಗೆದುಕೊಂಡೇ ಹೊರಟಳಂತೆ. ಇದನ್ನು ಆಕೆಯೇ ನಂತರ ನೆನೆದು ಬರೆದಿದ್ದಾಳೆ. ನಮ್ಮ ಗೆಳೆಯರಿಗೆಲ್ಲ ಅಚ್ಚುಮೆಚ್ಚಿನ ಕತೆ ಇದು. ಅಷ್ಟೆಲ್ಲ ಆದ ಮೇಲೂ ಆಕೆ 1950ರ ತನಕ ಹಡಗಿನಲ್ಲೇ ದುಡಿದಳು. ನನಗೆ ಆಕೆಯ ಮೇಲೆ ತುಂಬ ಗೌರವ.

ಹೊಸಬರನ್ನು ಕಾಡಿಸುವ ಪದ್ಧತಿ ನಿನ್ನನ್ನೂ ಬಿಡುವುದಿಲ್ಲ. ಎಂಜಿನ್ ರೂಮಿನಿಂದ ಒಂದು ಬಕೆಟ್ ಹಬೆ ತಾ ಎನ್ನುತ್ತಾರೆ, ಲಂಗರಿನ ಬೀಗದ ಕೈ ಎಲ್ಲಿ ಎಂದು ಮೂರು ಡೆಕ್ ಹತ್ತಿಳಿಸುತ್ತಾರೆ, ಅಂಚೆ ಹೊತ್ತು ತೇಲಿಬರುವ ಬೋಯ್ (ನೀರಿನ ಮೇಲಿನ ತೇಲುಬುರುಡೆ) ಹಿಡಿಯಲು ಕೊಕ್ಕೆಕೋಲು ಕೊಟ್ಟು ಮುಂಭಾಗದಲ್ಲಿ ಕಾವಲು ನಿಲ್ಲಿಸುತ್ತಾರೆ. ಅಂಥದ್ದೊಂದೂ ಸಿಗುವುದಿಲ್ಲ. ನಕ್ಕು ಸುಮ್ಮನಾಗು, ಅಲ್ಲಿಂದ ನೀನು ಅವರಲ್ಲಿ ಒಬ್ಬಳಾಗುತ್ತೀಯೆ. ಆದರೆ ಕೆಳಗಿನ ಡೆಕ್ಕುಗಳಲ್ಲಿ ನೀರು ತಡೆಯುವ ಭಾರಿ ಬಾಗಿಲುಗಳಿರುತ್ತವೆ, ಹಡಗು ನಡೆಸುವ ಬ್ರಿಡ್ಜ್ ಎಂಬ ಕೋಣೆಯಿಂದಲೇ ಮುಚ್ಚುವಂಥವು. ನಡುವೆ ಮನುಷ್ಯ ಸಿಕ್ಕಿದರೂ ಅವು ನಿಲ್ಲುವುದಿಲ್ಲ. ಅದರಲ್ಲಿ ಸಿಕ್ಕಿ ಸತ್ತ ನಾವಿಕರಿದ್ದಾರೆ. ಬಾಗಿಲು ಪೂರ್ತಿ ತೆರೆದ ಮೇಲೆಯೇ ದಾಟು, ಕೈಯಲ್ಲಿ ತಟ್ಟೆ ಬಟ್ಟೆ ಏನೂ ಇರಬಾರದು. ಅಲ್ಲಿ ಯಾರಾದರೂ ಚೇಷ್ಟೆಗಿಳಿದರೆ, ಎಷ್ಟು ಹಿರಿಯರಾದರೂ ಸರಿ, "ಇಲ್ಲಿ ಬೇಡ" ಎಂದುಬಿಡು.

ಆರೋಗ್ಯ ತಪಾಸಣೆಯ ದಿನದ ಗಲಾಟೆ ನಾವು ಅಭಿನಯಿಸಿ ತೋರಿಸುವ ಕತೆ. ಅಮೆರಿಕದ ಬಂದರುಗಳಲ್ಲಿ ಅಲ್ಲಿನ ಅಧಿಕಾರಿಗಳು ಹೇಳದೆ ಕೇಳದೆ ಬಂದು ನೂರಕ್ಕೆ ಅಂಕ ಹಾಕುತ್ತಾರೆ, 85 ಅಥವಾ ಅದಕ್ಕಿಂತ ಕಡಿಮೆ ಬಂದರೆ ಹಡಗು ಫೇಲು. ಅವರು ಮುಂದಿನ ಬಾಗಿಲಿನಿಂದ ಬರುತ್ತಿದ್ದಂತೆ ಹಿಂದಿನ ಬಾಗಿಲಿನಿಂದ ಟ್ರಾಲಿಗಳು ಓಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಿನ್ನ ಕ್ಯಾಬಿನ್ನಿನಲ್ಲಿ ಏನನ್ನಾದರೂ ಅಡಗಿಸಿಡು ಎಂದು ಯಾರು ಹೇಳಿದರೂ ಒಪ್ಪಬೇಡ. ವಾಂತಿಭೇದಿ ತರುವ ನೊರೊವೈರಸ್ ಒಬ್ಬರಿಗೆ ಬಂದರೆ ನೂರು ಜನಕ್ಕೆ ಹಬ್ಬುವ ಜಾಗ ಅದು. ಕೈಗೆ ಸ್ಯಾನಿಟೈಸರ್ ಹಚ್ಚಿದರೆ ಅದು ಸರಿಯಾಗಿ ಸಾಯುವುದಿಲ್ಲ, ಸೋಪು ನೀರಿನಲ್ಲೇ ತೊಳೆಯಬೇಕು.

ಟವೆಲ್ ಆನೆಯ ಕತೆ ನಿನಗೆ ಬಾಯಿಪಾಠವಾಗಿರಬೇಕು. ಟವೆಲಿನಲ್ಲಿ ಮಡಚಿಟ್ಟ ಆನೆ, ಕೋತಿ, ಹಂಸಗಳನ್ನು ಬಿಚ್ಚಗೊಡದ ಆ ಮಗು, ಮೈ ಒರೆಸಲು ಟವೆಲ್ಲೇ ಇಲ್ಲದ ಅಪ್ಪ ಅಮ್ಮ, ದಿನಾ ಕದ್ದು ಹೊಸ ಟವೆಲ್ ತಂದಿಡುತ್ತಿದ್ದ ಸ್ಟುವರ್ಡ್. ಅವನ ಮನೆಯಲ್ಲೂ ಅದೇ ವಯಸ್ಸಿನ ಮಗುವಿತ್ತು, ಅದನ್ನು ನೋಡಿ ತಿಂಗಳುಗಳಾಗಿದ್ದವು. ಇದನ್ನು ನಾವು ಹೇಳುವುದಿಲ್ಲ. ಒಂದು ಕಾಂಟ್ರಾಕ್ಟ್ ಎಂದರೆ ಆರು ತಿಂಗಳು, ಒಂಬತ್ತು ತಿಂಗಳು. ಮನೆಯ ನೆನಪು ಬಂದ ದಿನ ಒಬ್ಬಳೇ ಕ್ಯಾಬಿನ್ನಿನಲ್ಲಿ ಕೂರಬೇಡ. ಮೆಸ್ಸಿಗೆ ಹೋಗಿ ಯಾರ ಪಕ್ಕದಲ್ಲಾದರೂ ಕೂತು ಊಟ ಮಾಡು. ಅಪ್ಪ ಅಮ್ಮನಿಗೆ ಫೋನ್ ಮಾಡಿದಾಗ ಎಲ್ಲ ಚೆನ್ನಾಗಿದೆ ಎಂದೇ ಹೇಳಬೇಕೆಂದಿಲ್ಲ. ಅವರಿಗೆ ಹೇಳಲಾಗದ್ದನ್ನು ನನಗೆ ಹೇಳು. ಆ ಜಾಗಗಳೆಲ್ಲ ನನಗೆ ಗೊತ್ತು, ವಿವರಿಸುವ ಕಷ್ಟ ನಿನಗಿರುವುದಿಲ್ಲ.

ಕೊನೆಗೆ ನಿದ್ದೆ. ಪೆಸಿಫಿಕ್‌ನಲ್ಲಿ ದಿನಾಂಕ ರೇಖೆಯನ್ನು ಪಶ್ಚಿಮಕ್ಕೆ ದಾಟಿದರೆ ಒಂದು ದಿನವೇ ಮಾಯ. ಆ ದಿನದ ಬಾಡಿಗೆ ವಾಪಸು ಕೊಡಿ ಎಂದು ಒಬ್ಬರು ಕೌಂಟರಿಗೆ ಬಂದಿದ್ದರು. ಹುಟ್ಟುಹಬ್ಬವೇ ಮಾಯವಾದ ಒಬ್ಬಳು ಡ್ಯಾನ್ಸರಿಗೆ ಗೆಳತಿಯರು ಹಿಂದಿನ ದಿನವೂ ಮರುದಿನವೂ ಹಬ್ಬ ಮಾಡಿದರು. ಪೂರ್ವಕ್ಕೆ ಸಾಗುವಾಗ ಹೀಗೆ ತಮಾಷೆ ಇರುವುದಿಲ್ಲ, ಗಡಿಯಾರ ಮುಂದಿಡುವುದರಿಂದ ರಾತ್ರಿ ರಾತ್ರಿ ಒಂದೊಂದು ಗಂಟೆ ನಿದ್ದೆ ಕಡಿಮೆಯಾಗುತ್ತದೆ. ಕಡಲ ಕಾರ್ಮಿಕರ ಒಪ್ಪಂದ 2013ರಿಂದ ಜಾರಿಯಲ್ಲಿದೆ: 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ಏಳು ದಿನದಲ್ಲಿ ಕನಿಷ್ಠ 77 ಗಂಟೆ ವಿಶ್ರಾಂತಿ ನಿನ್ನ ಹಕ್ಕು. ಆ 10 ಗಂಟೆಯನ್ನು ಎರಡಕ್ಕಿಂತ ಹೆಚ್ಚು ಭಾಗ ಮಾಡುವಂತಿಲ್ಲ, ಅದರಲ್ಲಿ ಒಂದು ಭಾಗವಾದರೂ ಕನಿಷ್ಠ ಆರು ಗಂಟೆ ಇರಲೇಬೇಕು. ದುಡಿದ ಗಂಟೆಗಳನ್ನು ಇದ್ದ ಹಾಗೇ ಬರೆ. ಬೇರೆಯವರು ತುಂಬಿಟ್ಟ ಕಾಗದಕ್ಕೆ ಓದದೆ ಸಹಿ ಹಾಕಬೇಡ.

ನಿನ್ನ ಕ್ಯಾಬಿನ್ನಿಗೆ ಕಿಟಕಿ ಇರಲಾರದು, ದೀಪ ಆರಿಸಿದರೆ ಹಗಲು ರಾತ್ರಿ ತಿಳಿಯುವುದಿಲ್ಲ. ಫೋನನ್ನೇ ನಂಬದೆ ಒಂದು ಅಲಾರಂ ಗಡಿಯಾರ, ಒಂದು ಟಾರ್ಚ್ ಇಟ್ಟುಕೋ. ಪಾಸ್‌ಪೋರ್ಟ್, ವೈದ್ಯಕೀಯ ಪತ್ರ, ತರಬೇತಿಯ ಸರ್ಟಿಫಿಕೇಟುಗಳ ಎರಡೆರಡು ಪ್ರತಿ ಬೇರೆ ಬ್ಯಾಗಿನಲ್ಲಿರಲಿ. ಕಪ್ಪು ಶೂ ಹೊಸದಾಗಿ ಕೊಂಡಿದ್ದರೆ ಇವತ್ತಿನಿಂದಲೇ ಮನೆಯೊಳಗೆ ಹಾಕಿಕೊಂಡು ಓಡಾಡು, ಕೌಂಟರಿನಲ್ಲಿ ಕೂರಲು ಕುರ್ಚಿ ಕೊಡುವುದಿಲ್ಲ.

ಇತಿ ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಪ್ಪ