ಜಿಮ್ ಟ್ರೈನರ್‌ಗಳಿಗೆ ಸರಿಯಾದ ಪ್ರಶ್ನೆ ಕೇಳಿ

ಸಂಪಾದಕರೇ,

ಜಿಮ್ ಟ್ರೈನರ್‌ಗಳನ್ನು ಸುಮ್ನೆ 'ಕೆಲಸ ಇಷ್ಟಾನಾ?' ಎಂದು ಕೇಳಿದರೆ ಬಹುತೇಕರು ಹೌದು ಎಂದೇ ಹೇಳುತ್ತಾರೆ. ವ್ಯಾಯಾಮದ ಹುಚ್ಚಿನಿಂದಲೇ ಇಲ್ಲಿಗೆ ಬಂದವರು, ಇನ್ನೇನು ಹೇಳಿಯಾರು? ಆದರೆ ಕೆಲಸ ಇಷ್ಟವಾಗುವುದು ಬೇರೆ, ಆ ನೌಕರಿಯಲ್ಲಿ ನೆಮ್ಮದಿ ಇರುವುದು ಬೇರೆ.

ಅಮೆರಿಕದ ಮನೋವಿಜ್ಞಾನಿ ಪಾಲ್ ಸ್ಪೆಕ್ಟರ್ 1985ರಲ್ಲಿ ಪ್ರಕಟಿಸಿದ ಉದ್ಯೋಗ ತೃಪ್ತಿ ಸಮೀಕ್ಷೆ ಈ ಎರಡನ್ನೂ ಬೇರ್ಪಡಿಸುತ್ತದೆ. ಅದರಲ್ಲಿ 36 ಹೇಳಿಕೆಗಳಿವೆ, ಸಂಬಳ, ಬಡ್ತಿ, ಮೇಲಧಿಕಾರಿ, ಸಹೋದ್ಯೋಗಿಗಳು ಹೀಗೆ 9 ವಿಷಯಗಳಿಗೆ ಬೇರೆಬೇರೆ ಅಂಕ. ಒಳ್ಳೆಯ ಅಳತೆಯೇ. ಆದರೂ ಟ್ರೈನರ್‌ಗಳಿಗೆ ಅಷ್ಟು ಸಾಲದು. ನಸುಕಿನಲ್ಲಿ ಒಂದು ಪಾಳಿ, ಸಂಜೆ ಇನ್ನೊಂದು, ನಡುವಿನ ಗಂಟೆಗಳಿಗೆ ಬಿಡಿಗಾಸೂ ಇಲ್ಲ. ಕ್ಲೈಂಟ್ ಕೊನೇ ಗಳಿಗೆಯಲ್ಲಿ ಬರಲ್ಲ ಎಂದರೆ ಎಷ್ಟೋ ಕಡೆ ಆ ದುಡ್ಡೂ ಹೋಯಿತು. ಮಂಡಿ ನೋಯುತ್ತಿದ್ದರೂ ಸ್ಕ್ವಾಟ್ ಮಾಡಿ ತೋರಿಸಬೇಕು, ನಗುನಗುತ್ತಾ ಹುರಿದುಂಬಿಸಬೇಕು, ಜೊತೆಗೆ ಮೆಂಬರ್‌ಶಿಪ್ ಮಾರುವ ಟಾರ್ಗೆಟ್ ಬೇರೆ. ಇವನ್ನೆಲ್ಲ ಕೇಳದ ಸಮೀಕ್ಷೆ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ.

ಇನ್ನೊಂದು ಮಾತು. ಭರ್ತಿ ಮಾಡಿದ ಫಾರ್ಮ್ ಮ್ಯಾನೇಜರ್ ಕೈಗೇ ಹೋಗುವುದಾದರೆ ಯಾರು ತಾನೇ ನಿಜ ಬರೆಯುತ್ತಾರೆ? ಹೆಸರು ಬೇಡ, ಹೊರಗಿನವರು ಸಂಗ್ರಹಿಸಲಿ. ಬಂದ ಅಂಕಗಳನ್ನೆಲ್ಲ ಕೂಡಿಸಿ ಒಂದೇ ಸರಾಸರಿ ಕೊಡಬೇಡಿ, ಸಂಬಳದ ಅಸಮಾಧಾನ ಅದರೊಳಗೆ ಮುಚ್ಚಿಹೋಗುತ್ತದೆ. ಮುಖ್ಯವಾಗಿ, ಕೆಲಸ ಬಿಟ್ಟು ಹೋದವರನ್ನೂ ಹುಡುಕಿ ಕೇಳಿ. ಉಳಿದವರನ್ನಷ್ಟೇ ಕೇಳಿದರೆ ತೃಪ್ತಿ ಜಾಸ್ತಿಯೇ ಕಾಣುತ್ತದೆ.

– ಒಬ್ಬ ಫಿಟ್‌ನೆಸ್ ಟ್ರೈನರ್