ಕಪ್ಪೆ ನೆಗೆಯುವ ಮುನ್ನ

ಮೂಡಿಗೆರೆ

ಪ್ರೀತಿಯ ಗೆಳೆಯ,

ನಾವೆಲ್ಲ ಕ್ಷೇಮ. ಎಂಟು ದಿನದಿಂದ ಮಳೆ ಹಿಡಿದು ಕೂತಿದೆ. ಕರೆಂಟು ಬಂದರೆ ಅದೇ ಹಬ್ಬ. ಅಂಥದ್ದೊಂದು ಹಬ್ಬದ ಸಂಜೆ ಮಗಳಿಗೆ ಡಿಸ್ನಿಯವರ ಕಾರ್ಟೂನ್ ಸಿನಿಮಾ ‘ದಿ ಪ್ರಿನ್ಸೆಸ್ ಆ್ಯಂಡ್ ದಿ ಫ್ರಾಗ್’ ತೋರಿಸಿದೆ. ಟಿವಿಯಲ್ಲೂ ಕಪ್ಪೆ, ಮನೆ ಮುಂದಿನ ಗದ್ದೆಯಲ್ಲೂ ಕಪ್ಪೆ. ಯಾವುದರ ಮಾತು ಕೇಳುವುದು ಹೇಳು.

1937ರಲ್ಲಿ ಸ್ನೋವೈಟಳ ಕಥೆಯನ್ನು ಕೈಯಲ್ಲೇ ಬರೆದು ತೆರೆಗೆ ತಂದ ಕಂಪನಿ ಅದು. 2004ರ ಹೊತ್ತಿಗೆ ಕೈಚಿತ್ರದ ಸಹವಾಸವೇ ಸಾಕೆಂದು ಬಾಗಿಲು ಹಾಕಿಕೊಂಡಿತ್ತು. 2006ರಲ್ಲಿ, ಕಂಪ್ಯೂಟರಿನಲ್ಲೇ ಕಾರ್ಟೂನ್ ಸಿನಿಮಾ ಮಾಡುವ ಪಿಕ್ಸರ್‌ ಕಂಪನಿಯ ಮುಖ್ಯಸ್ಥರು ಡಿಸ್ನಿಯ ಹೊಣೆಯನ್ನೂ ಹೊತ್ತರಲ್ಲ, ಬಾಗಿಲು ತೆಗೆಸಿದವರು ಅವರೇ. ಕಂಪ್ಯೂಟರಿನಿಂದ ಗೆದ್ದವರೇ ಪೆನ್ಸಿಲ್ಲಿನ ಪರ ನಿಂತರು ಎಂಬುದು ನನಗೆ ಇಂದಿಗೂ ಸೋಜಿಗ. 2009ರಲ್ಲಿ ಈ ಕಪ್ಪೆ, 2011ರಲ್ಲಿ ‘ವಿನ್ನಿ ದಿ ಪೂ’. ಆಮೇಲೆ ಮತ್ತೆ ಬೀಗ.

ಆದರೆ ಮರುದಿನ ನೋಡಿದ ‘ವುಲ್ಫ್‌ವಾಕರ್ಸ್’ ಬೇರೆಯೇ ಜಾತಿಯದು. 2020ರಲ್ಲಿ ಐರ್ಲೆಂಡಿನ ಕಾರ್ಟೂನ್ ಸಲೂನ್ ಎಂಬ ಸ್ಟುಡಿಯೊದವರು ಕೈಯಲ್ಲೇ ಬರೆದು ಮಾಡಿದ್ದು. ಊರಿನ ಮನೆ, ಗೋಡೆ, ಸೈನಿಕರೆಲ್ಲ ಮರದ ಅಚ್ಚಿನಲ್ಲಿ ಒತ್ತಿದಂತೆ ಬಿಗಿ. ಕಾಡಿಗೆ ಕಾಲಿಟ್ಟ ಕೂಡಲೇ ಗೆರೆಗಳು ಬಿಚ್ಚಿಕೊಳ್ಳುತ್ತವೆ. ಮೊದಲು ಹಾಕಿಕೊಂಡ ಕಚ್ಚಾ ಗೆರೆಗಳು ಹುಡುಗಿಯ ಕೂದಲಲ್ಲಿ, ತೋಳದ ಮೈಯಲ್ಲಿ ಹಾಗೆಯೇ ಉಳಿದಿವೆ. ಮಗಳು ಕೇಳಿದಳು: “ಅಪ್ಪಾ, ಇವರು ರಬ್ಬರ್ ಹಾಕುವುದನ್ನು ಮರೆತರಾ?” ಮರೆತಿಲ್ಲ, ಬೇಕೆಂದೇ ಬಿಟ್ಟಿದ್ದಾರೆ ಎಂದೆ. ಅಂದಿನಿಂದ ಅವಳ ಕಂಪಾಸ್ ಪೆಟ್ಟಿಗೆಯ ರಬ್ಬರಿಗೆ ರಜೆ. (ಗಣಿತದ ನೋಟ್‌ಬುಕ್ಕಿನಲ್ಲೂ, ಅದು ಬೇರೆ ಕಥೆ.)

ಈಗ ಇಬ್ಬರೂ ಸೇರಿ ಒಂದು ಕಪ್ಪೆಯನ್ನು ನೆಗೆಸುತ್ತಿದ್ದೇವೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟು. ಒಂದು ಚಿತ್ರವನ್ನು ಎರಡೆರಡು ಚೌಕಟ್ಟಿಗೆ ನಿಲ್ಲಿಸಿದರೂ 12 ಚಿತ್ರ ಬೇಕು. ಗಾಜಿನ ಟೀಪಾಯಿಯ ಕೆಳಗೆ ಮೊಬೈಲಿನ ಟಾರ್ಚ್ ಹಚ್ಚಿಟ್ಟು, ಹಿಂದಿನ ಹಾಳೆಯ ಮೇಲೆ ಹೊಸ ಹಾಳೆ ಇಟ್ಟು, ಗೆರೆಯನ್ನು ಕೂದಲೆಳೆಯಷ್ಟು ಸರಿಸುತ್ತಾ ಬರೆದೆವು. ಸರಸರ ತಿರುವಿ ನೋಡಿದರೆ ಕಪ್ಪೆ ನೆಗೆಯಲಿಲ್ಲ. ಯಾರೋ ಕಲ್ಲು ಬೀರಿದಂತೆ ಹಾರಿಹೋಯಿತು.

ಆಗ ನಿನ್ನ ಏಳನೇ ತರಗತಿಯ ಸಮಾಜ ಪುಸ್ತಕ ನೆನಪಾಯಿತು. ಪುಟಗಳ ಮೂಲೆಯಲ್ಲಿ ನೀನು ಬರೆದ ಕಪ್ಪೆ ನೆಗೆಯುವ ಮುನ್ನ ಒಮ್ಮೆ ಕುಗ್ಗುತ್ತಿತ್ತು, ಹೊಟ್ಟೆ ನೆಲಕ್ಕೆ ತಾಗುವಷ್ಟು. ಯಾರೂ ಹೇಳಿಕೊಟ್ಟಿರಲಿಲ್ಲ ನಿನಗೆ. ಮೇಷ್ಟ್ರು ಪುಸ್ತಕ ಕಿತ್ತುಕೊಂಡು, ತಾವೂ ಎರಡು ಸಲ ತಿರುವಿ ನೋಡಿ, ಆಮೇಲೆ ಕಿವಿ ಹಿಂಡಿದರು.

ಕುಗ್ಗಿದ ಕಪ್ಪೆಯ ಎರಡು ಹಾಳೆ ಸೇರಿಸಿದೆವು. ಈಗ ನೆಗೆಯುತ್ತಿದೆ. ಕೊನೆಯ ಆರು ಹಾಳೆ ಖಾಲಿ ಬಿಟ್ಟು ಕಟ್ಟನ್ನು ಅಂಚೆಗೆ ಹಾಕಿದ್ದೇನೆ. ನೀರು ಚಿಮ್ಮುವುದನ್ನು ಆಗಲೂ ನೀನೇ ಬರೆಯುತ್ತಿದ್ದೆ. ರಬ್ಬರ್ ಹಾಕಬೇಡ, ಮಗಳು ಬೈಯುತ್ತಾಳೆ.

ನಿನ್ನವನೇ